ಕಾಲ್ಗುಣ

ಕಚೇರಿಯ ಹೆಂಗಸು ಫೈಲು ಮುಚ್ಚುತ್ತ ಹೇಳಿದ್ದಳಂತೆ:
ಮೊದಲ ಹದಿನೈದು ದಿನ ಮಗುವಿನ ಸುತ್ತ ಹೆಚ್ಚು ಜನ ಬೇಡ.
ನಾತೆಲಾ ಅದನ್ನೇ ಬರೆದು ಗೇಟಿಗೆ ಅಂಟಿಸಿದಳು.
ಹೆಚ್ಚು ಅಂದರೆ ಎಷ್ಟು ಎಂದು
ನಮ್ಮಲ್ಲಿ ಯಾರೂ ಕೇಳಲಿಲ್ಲ.
ಸಂಜೆಯೊಳಗೆ ಹತ್ತೊಂಬತ್ತು ಮಂದಿ, ಒಬ್ಬೊಬ್ಬರಾಗಿ,
ಎಂದೋ ಮರೆತು ಹೋದದ್ದನ್ನು ಹುಡುಕಿಕೊಂಡು ಬಂದರು.

ಶಾಲ್ವಾಗೆ ಅವನ ಸುತ್ತಿಗೆ ಬೇಕಿತ್ತು.
ವೆನೆರಾಗೆ ಹೋದ ಚಳಿಗಾಲ ಕೊಟ್ಟಿದ್ದ ಜರಡಿ.
ಜುಂಬರ್ ಒಬ್ಬ, ಸುಳ್ಳು ಹೇಳಲು ಬಾರದೆ,
ದ್ರಾಕ್ಷಿ ಚಪ್ಪರದ ಕೆಳಗೆ ಟೋಪಿ ಹಿಂಡುತ್ತ ನಿಂತು
"ನೋಡೋಕೆ ಬಂದೆ" ಅಂದ.

ಅವಳೋ, ಮೇಜಿನ ಕೆಳಗೆ ಸೇರಿಬಿಟ್ಟಿದ್ದಳು.
ದುದಾನಾ. ಎರಡು ವರ್ಷ, ಮೂರು ತಿಂಗಳು.
ಮುಷ್ಟಿಯಲ್ಲಿ ಒಂದು ಚೂರು ರೊಟ್ಟಿ,
ತಿನ್ನುವುದಕ್ಕಲ್ಲ,
ಇಟ್ಟುಕೊಳ್ಳುವುದಕ್ಕೆ.

ಅಲಜಾನಿ ಕಣಿವೆಯ ಈ ಕಡೆ
ಹೊಸ ವರ್ಷದ ದಿನ ಹೊಸ್ತಿಲು ಮೊದಲು ತುಳಿದವರ
ಕಾಲ್ಗುಣ ನೋಡುತ್ತೇವೆ.
ಒಳ್ಳೆಯ ಕಾಲಿನವರಿಗೆ ಮುಂಚೆಯೇ ಹೇಳಿ ಕಳಿಸುತ್ತೇವೆ,
ಕೆಟ್ಟ ಕಾಲಿನವರು ತಾವೇ ತಿಳಿದುಕೊಂಡು
ಮಧ್ಯಾಹ್ನ ದಾಟಿಸಿ ಬರುತ್ತಾರೆ.
ಹಾಗಾಗಿ ತ್ಸಿಯಾಲಾ ನನ್ನ ಕಿವಿಗೆ ಬಾಗಿದಳು:
"ಯಾರ ಮಗುವೋ, ಏನು ಕಾಲ್ಗುಣವೋ."
ಎಂಬತ್ತೊಂದಕ್ಕೆ ಕಿವಿ ಕೇಳಿಸದಿರುವುದು
ಬೇಕೆಂದಾಗ ಒದಗುವ ಅನುಕೂಲ.
ನಾನು ಬೀನ್ಸ್ ಸುಲಿಯುತ್ತಲೇ ಇದ್ದೆ.
ಅಷ್ಟಕ್ಕೂ ಪರೀಕ್ಷೆ ನಡೆದಿದ್ದದ್ದು ಮೇಜಿನ ಕೆಳಗೆ,
ಕೂತಿದ್ದದ್ದು ನಮ್ಮ ಕಾಲುಗಳು.

ಮುಖ ಯಾರದ್ದೂ ಬೇಕಿರಲಿಲ್ಲ ಅವಳಿಗೆ.
ಸಿಮೆಂಟು ಮೆತ್ತಿದ ಬೂಟು ಬಂದರೆ ಹಿಂದೆ ಸರಿಯುವಳು,
ವೆನೆರಾಳ ಆಸ್ಪತ್ರೆಯ ಬಿಳಿ ಚಪ್ಪಲಿಗೆ ಕಣ್ಣು ಮುಚ್ಚುವಳು.
ಟ್ರ್ಯಾಕ್ಟರ್ ಉರುಳಿದ ವರ್ಷದಿಂದ ಮಡಚಲಾಗದ
ಮುರ್ಮಾನನ ಎಡಗಾಲು
ನೀಟಾಗಿ ಅವಳತ್ತ ಚಾಚಿರುತ್ತಿತ್ತು,
ಅದರ ಲೇಸು ಬಿಚ್ಚುವಳು.
ಅವನು ಕಟ್ಟುವನು.
ಅವಳು ಬಿಚ್ಚುವಳು.
ಹೀಗೆ ಎರಡು ದಿನ, ಇಬ್ಬರೂ ಒಂದೂ ಮಾತಾಡದೆ.

ಮೂರನೆಯ ದಿನ ನನ್ನ ಸರದಿ.
ಉಣ್ಣೆಯ ಚಪ್ಪಲಿ ನನ್ನದು, ತುದಿ ತೂತಾಗಿ
ಹೆಬ್ಬೆರಳು ಇಣುಕುತ್ತದೆ. ಹೊಲಿಯಬೇಕು ಹೊಲಿಯಬೇಕು
ಅಂದುಕೊಂಡೇ ಎರಡು ಚಳಿಗಾಲ ಕಳೆದಿದ್ದೆ.
ಏನೋ ತಣ್ಣಗೆ, ಒದ್ದೆಯಾಗಿ ತಾಗಿತು.
ಮೂರು ದಿನ ಮುಷ್ಟಿಯಲ್ಲಿದ್ದ ರೊಟ್ಟಿ,
ಗೋಲಿಯ ಹಾಗೆ ಗಟ್ಟಿ.
ನನ್ನ ಹೆಬ್ಬೆರಳಿಗೆ ತುತ್ತು ಇಡುತ್ತಿದ್ದಳು.
ಬಾಯಿ ಸಿಗದೆ ಉಗುರಿನ ಮೇಲೆ ಒತ್ತಿ ಒತ್ತಿ.

ಸೂಪು ಆರಿತು. ಕಾಲು ಜೋಮು ಹಿಡಿಯಿತು.
ದನ ಬಂದು ಗೇಟಿಗೆ ಕೊಂಬು ತಿಕ್ಕಿತು.
ನಾನು ಏಳಲಿಲ್ಲ.

ಭಾನುವಾರ ಮಳೆ ಬಿದ್ದು ದಾರಿಯೆಲ್ಲ ಕೆಸರು,
ಜಗಲಿಯಲ್ಲೇ ಬಿಟ್ಟ ಮೂವತ್ತನಾಲ್ಕು ಜೊತೆ.
ಚೀಟಿ ಇನ್ನೂ ಗೇಟಿನಲ್ಲೇ ಇತ್ತು, ಶಾಯಿ ಇಳಿದು ನೀಲಿಯಾಗಿ.
ಗೋಚಾ ಲೋಟ ಎತ್ತಿ ಮಾತು ಶುರುಮಾಡಿದ:
ಸತ್ತವರಿಗೆ, ದೂರ ಇರುವವರಿಗೆ, ಇವಳನ್ನು ಹೆತ್ತ ಆ
ಹೆಸರು ಗೊತ್ತಿಲ್ಲದವಳಿಗೆ...
ಅಲ್ಲಿ ಅವನ ಗಂಟಲು ಕಟ್ಟಿತು.
ಆಗಲೇ ನಾತೆಲಾ ಮೇಜಿನ ಕೆಳಗೆ ಬಗ್ಗಿದ್ದು.
ಇರಲಿಲ್ಲ.

ನೆಲದಲ್ಲಿ ಹೂತ ಮದ್ಯದ ಹಂಡೆಗಳ ಬಾಯಿ ಯಾರಿಗೆ ನೆನಪಾಯಿತೋ,
ಲೋಟ ಉರುಳಿ, ಬೆಂಚು ಮಗುಚಿ, ಎಲ್ಲರೂ
ಬರಿಗಾಲಲ್ಲಿ ಓಡಿದೆವು.
ಮುಚ್ಚಳಗಳೆಲ್ಲ ಭದ್ರ. ಬಾವಿಯ ಹಗ್ಗ ಒಣಗಿಯೇ ಇತ್ತು.

ಒಳಕೋಣೆಯಲ್ಲಿ ಸದ್ದು. ಜುಂಬರನ ಬೂಟನ್ನು
ಎರಡೂ ಕೈಯಿಂದ ಎಳೆಯುತ್ತಿದ್ದಳು, ಹಿಂದೆ ಹಿಂದೆ ನಡೆಯುತ್ತ.
ಹಾಸಿಗೆಯ ಕೆಳಗೆ ಆಗಲೇ ಕೆಸರಿನ ಗುಡ್ಡೆ,
ಹೈಹೀಲು, ಗಂಬೂಟು, ಪಾದ್ರಿಯ ಕಪ್ಪು ಷೂ ಕೂಡ.
ಯಾರನ್ನೂ ಹೋಗಗೊಡುವ ಯೋಚನೆ
ಅವಳಿಗೆ ಇದ್ದಂತೆ ಕಾಣಲಿಲ್ಲ.

ತ್ಸಿಯಾಲಾ ಬಾಗಿಲಲ್ಲಿ ನಿಂತು ನೋಡಿದಳು.
ಕಾಲುಚೀಲವನ್ನೂ ಕಳಚಿ ಮಗುವಿನ ಕೈಗೆ ಕೊಟ್ಟಳು.

ಆ ರಾತ್ರಿ ಮೂವತ್ತನಾಲ್ಕು ಮಂದಿ ಬರಿಗಾಲಲ್ಲಿ ಮನೆಗೆ ಹೋದರು,
ಕೆಸರಲ್ಲಿ ಜಾರುತ್ತ, ಒಬ್ಬರನ್ನೊಬ್ಬರು ಬೈಯುತ್ತ.
ಬೆಳಿಗ್ಗೆ ವಾಪಸು ಬಂದರು,
ಈ ಸಲ ನಿಜಕ್ಕೂ ಬಿಟ್ಟುಹೋದದ್ದಕ್ಕೆ.
ಮುರ್ಮಾನನ ಎಡಗಾಲಿನದು ಮಾತ್ರ
ಇವತ್ತಿಗೂ ಸಿಕ್ಕಿಲ್ಲ.